ಧರ್ಮಪುರದಲ್ಲಿ ಗೋಡೆ ಬೆವರಿದ್ದು

ಗೋಡೆಗೆ ಬೋರ್ಡು ಹೊಡೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ನನ್ನ ಮನೆ ಮುಂದೆ ಬೈಕು ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ, "ಮಂಜಣ್ಣ, ಏನಾರ ಟಿಪ್ಸ್ ಕೊಡ್ರಿ" ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಎಂಜಿನ್ ಬಿಸಿಯಾಗುವುದರೊಳಗೆ ಮುಗಿಯುವ ಉಪದೇಶ. ನನ್ನಲ್ಲಿ ಇರುವುದು ಪೆಟ್ರೋಲು ಖಾಲಿಯಾದರೂ ಮುಗಿಯದ ಕಥೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಡುವೆ ಯಾರಾದರೂ ಎದ್ದು ಹೋದರೆ ನನಗೆ ಕಾಣುವುದಿಲ್ಲ, ಆದ್ದರಿಂದ ಬೇಜಾರೂ ಆಗುವುದಿಲ್ಲ.

ನಾನು ಮೂಲತಃ ಬಡಗಿ. ಚಿತ್ರದುರ್ಗದಲ್ಲಿ ವೀರಭದ್ರಪ್ಪ ಎನ್ನುವ ಸಾಹುಕಾರರ ಅಂಗಡಿಯಲ್ಲಿ ಪ್ಲೈವುಡ್ಡಿನ ಗೋಡೆ, ಕಪಾಟು ಮಾಡಿಕೊಂಡು ಸುಖವಾಗಿದ್ದೆ. ಒಂದು ದಿನ ಸಾಹುಕಾರರು ಲಾರಿ ತುಂಬ ಬಿಳಿ ಹಲಗೆ ಇಳಿಸಿ, "ಇನ್ಮೇಲೆ ಇದೇ ನಮ್ ದೇವ್ರು ಕಣೋ ಮಂಜ" ಎಂದರು. ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿಗೆ ಒಂದು ಬಗೆಯ ಉಪ್ಪಿನ ನೀರು ಹಾಕಿ ಕಲಸಿ, ನಡುವೆ ಗಾಜಿನ ನೂಲಿನ ಬಲೆ ಇಟ್ಟು, ಅಚ್ಚಿನಲ್ಲಿ ಗಟ್ಟಿ ಮಾಡಿದ ಹಲಗೆ ಅದು. ಅದರ ಪೂರ್ತಿ ಹೆಸರು ಹೇಳಲು ನಮ್ಮ ಅಂಗಡಿಯಲ್ಲಿ ಯಾರಿಗೂ ನಾಲಿಗೆ ಹೊರಳುತ್ತಿರಲಿಲ್ಲ. ಬಿಳಿ ಬೋರ್ಡು ಎಂದೇ ಕರೆದೆವು.

ಮೊದಲ ವಾರ ನಾನು ಆ ಬೋರ್ಡನ್ನು ಮರ ಎಂದುಕೊಂಡೇ ನಡೆಸಿಕೊಂಡೆ. ಗರಗಸ ಹಾಕಿದೆ, ಗರಗಸದ ಹಲ್ಲೇ ಸವೆದುಹೋಯಿತು. ಮೊಳೆ ಹೊಡೆದೆ, ಅಂಚು ಪುಡಿಯಾಯಿತು. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಹಿಟ್ಟಿನ ಗಿರಣಿಗೆ ಸೇರ್ಕಂಡ್ರಾ?" ಎಂದು ಕೇಳಿದಳು. ಗೆರೆ ಎಳೆದು, ಬ್ಲೇಡಿನಿಂದ ಗೀರಿ, ಮಂಡಿಗೆ ಒತ್ತಿ ಮುರಿದರೆ ಬೆಲ್ಲದಚ್ಚಿನ ಹಾಗೆ ನೆಟ್ಟಗೆ ಎರಡಾಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ಲಾರಿ ಮಾಲು ಚೂರಾಗಿತ್ತು. ಹೊಸದುರ್ಗದ ಒಂದು ಕಚೇರಿಯಲ್ಲಿ ಒರಟು ಮೈಯನ್ನು ಹೊರಗಡೆ ಮಾಡಿ ಇಡೀ ಗೋಡೆ ನಿಲ್ಲಿಸಿದ್ದೆ. ಪೇಂಟರು ಬಂದು ಕೈಯಾಡಿಸಿ, ನನ್ನ ಪೂರ್ವಿಕರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡ. ನಯವಾದ ಮೈ ಹೊರಗೆ, ಒರಟು ಮೈ ಒಳಗೆ. ಇಷ್ಟನ್ನು ನೆನಪಿಟ್ಟುಕೊಂಡರೆ ನಿಮ್ಮ ಪೂರ್ವಿಕರು ನೆಮ್ಮದಿಯಾಗಿರುತ್ತಾರೆ.

ಈಗ ಸಾಹುಕಾರರ ವಿಷಯ. ಅವರು ಬೋರ್ಡು ಮಾರುತ್ತಿರಲಿಲ್ಲ, ನಾಟಕ ಆಡುತ್ತಿದ್ದರು. "ಬೆಂಕಿಗೆ ಉರಿಯಲ್ಲ, ಗೆದ್ದಲು ಮುಟ್ಟಲ್ಲ, ನೀರು ಕುಡಿಯಲ್ಲ" ಎಂದು ಮೂರು ಮಾತನ್ನು ಮೂರು ಸ್ವರದಲ್ಲಿ ಹೇಳಿ, ಗ್ಯಾಸಿನ ದೀವಟಿಗೆ ಹಚ್ಚಿ ಬೋರ್ಡಿನ ಮುಂಭಾಗಕ್ಕೆ ಹಿಡಿಯುವರು. ಹಿಂಭಾಗಕ್ಕೆ ತಮ್ಮದೇ ಅಂಗೈ ಒತ್ತಿ ನಗುತ್ತ ನಿಲ್ಲುವರು. ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ವರ್ತಕರನ್ನೆಲ್ಲ ಸೇರಿಸಿ ಹೀಗೇ ನಿಂತಿದ್ದರು. ಬೋರ್ಡು ಮಿಸುಕಲಿಲ್ಲ. ಆದರೆ ಜ್ವಾಲೆ ಬೋರ್ಡಿಗೆ ಬಡಿದು ಪಕ್ಕಕ್ಕೆ ತಿರುಗಿ, "ಬೆಂಕಿಗೆ ಜಗ್ಗದ ಹಲಗೆ" ಎಂದು ಬರೆಸಿ ಕಟ್ಟಿದ್ದ ಬ್ಯಾನರನ್ನು ಹಿಡಿಯಿತು. ಸಾಹುಕಾರರು ಜನರ ಕಡೆ ಮುಖ ಮಾಡಿದ್ದರು. ಜನರು ಕೈತೋರಿಸಿ ಕೂಗುತ್ತಿರುವುದು ಮೆಚ್ಚುಗೆಗೆ ಎಂದುಕೊಂಡು ಇನ್ನಷ್ಟು ಅಗಲವಾಗಿ ನಕ್ಕರು. ನಾನು ಕುಡಿಯುವ ನೀರಿನ ಕ್ಯಾನು ಎತ್ತಿ ಸುರಿದದ್ದು ಬ್ಯಾನರಿಗೆ ಅರ್ಧ, ಅವರಿಗೆ ಅರ್ಧ ಬಿತ್ತು.

ಒಬ್ಬ ಹಿರಿಯ ವರ್ತಕರು ಎಲೆ ಅಡಿಕೆ ಮೆಲ್ಲುತ್ತ ಎದ್ದು ಬಂದು ಬೋರ್ಡು ಮುಟ್ಟಿ ನೋಡಿದರು. "ಹಲಗೆ ಗಟ್ಟಿ ಐತೆ ಸಾಹುಕಾರ್ರೆ. ಮುಂದಿನ್ ಸಲ ಬ್ಯಾನರ್ರೂ ಇದ್ರಲ್ಲೇ ಮಾಡಿಸ್ರಿ" ಎಂದರು. ಆಮೇಲೆ ಅವರೇ ತಮ್ಮ ಗೋದಾಮಿಗೆ ನಮ್ಮ ಬೋರ್ಡು ಹಾಕಿಸಿದರು.

ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಗೋಡೆ ಕಂಡರೆ ಬೆರಳಿನ ಗೆಣ್ಣಿನಿಂದ ಬಡಿದು ನೋಡುವುದು. ಕಲ್ಲಿನ ಕೋಟೆ ನೋಡಿ ಬೆಳೆದ ಜನ, ಗೋಡೆ ಎಂದರೆ ಬಡಿದ ಕೈಗೇ ನೋವಾಗಬೇಕು ಎನ್ನುವ ಲೆಕ್ಕ. ಬೋರ್ಡಿನ ಗೋಡೆ ಬಡಿದರೆ ಡಬಡಬ ಎನ್ನುತ್ತದೆ. ಅಷ್ಟಕ್ಕೇ ಎಷ್ಟೋ ಗಿರಾಕಿಗಳು ಮೂಗು ಮುರಿದು ಹೋಗಿದ್ದಾರೆ. ಸಂಬಂಧ ಬೆಳೆಸುವಾಗ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರಲ್ಲ, ಆಗಂತೂ ಹುಡುಗನಿಗಿಂತ ಹೆಚ್ಚಾಗಿ ಗೋಡೆಯನ್ನೇ ವಿಚಾರಿಸಿಕೊಳ್ಳುತ್ತಾರೆ. ಧರ್ಮಪುರದ ಕೆಲಸ ನನ್ನ ಕೊರಳಿಗೆ ಸುತ್ತಿಕೊಂಡದ್ದು ಇಂಥದೇ ಒಂದು ಮನೆ ನೋಡುವ ಶಾಸ್ತ್ರದಿಂದ.

ಹಿರಿಯೂರು ತಾಲ್ಲೂಕಿನ ಧರ್ಮಪುರದ ಹತ್ತಿರ ತಿಪ್ಪೇಶ ಎಂಬ ಕುರಿ ಸಾಕುವ ಹುಡುಗನಿದ್ದ. ಹುಡುಗ ಎಂದೆ, ಆದರೆ ಕಿವಿಯ ಪಕ್ಕದ ಕೂದಲು ಬೆಳ್ಳಗಾಗತೊಡಗಿತ್ತು. ತಂದೆ ತೀರಿಕೊಂಡಿದ್ದರು. ತಾಯಿ ಗಂಗಮ್ಮ, ಇವನು, ಹಟ್ಟಿ ತುಂಬ ಕುರಿ. ಮನೆ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯದು. ಮಳೆ ಬಂದರೆ ಮರಿಗಳೂ ಒಳಗೇ ಮಲಗುತ್ತಿದ್ದವು. ಬಂದ ಸಂಬಂಧಗಳೆಲ್ಲ ಆ ಮರಿಗಳನ್ನು ನೋಡಿ ಹಿಂದಿರುಗಿದ್ದವು. ಕೊನೆಗೆ ಹಿರಿಯೂರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ರತ್ನ ಎಂಬ ಹುಡುಗಿ ಇವನನ್ನು ಒಪ್ಪಿದಳು. ಕುರಿಗೆ ಔಷಧಿ ಕೇಳುವ ನೆಪದಲ್ಲಿ ಇವನು ಆ ಅಂಗಡಿಗೆ ಎಷ್ಟು ಸಲ ಹೋಗಿದ್ದನೆಂದರೆ, ಆ ವರ್ಷ ಅವನ ಕುರಿಗಳಷ್ಟು ಆರೋಗ್ಯವಂತ ಕುರಿ ತಾಲ್ಲೂಕಿನಲ್ಲೇ ಇರಲಿಲ್ಲ. ಹುಡುಗಿಯದು ಒಂದೇ ಷರತ್ತು. "ಕುರಿಮರಿ ಬರದಂಥ ಒಂದು ರೂಮು ಬೇಕು."

ಹಳೆಯ ಗೋಡೆಯ ಮೇಲೆ ಇಟ್ಟಿಗೆಯ ಭಾರ ಹಾಕುವ ಹಾಗಿರಲಿಲ್ಲ. ಕಬ್ಬಿಣದ ಹಗುರ ಫ್ರೇಮು ನಿಲ್ಲಿಸಿ, ನಮ್ಮ ಬಿಳಿ ಬೋರ್ಡು ಹೊಡೆದು, ಮೇಲೆ ಶೀಟು ಹಾಕಿ ಮಾಳಿಗೆಯ ಮೇಲೊಂದು ಕೋಣೆ ಮಾಡಿಕೊಟ್ಟೆ. ಬೇಸಿಗೆಯಲ್ಲಿ ಮುಗಿಯಿತು. ಬೆಳ್ಳಗೆ, ನುಣ್ಣಗೆ, ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಉಳಿದ ಚೂರುಗಳನ್ನು ಅಂಗಳದಲ್ಲೇ ಬಿಟ್ಟು ಬಂದೆ. ಮಳೆಗಾಲ ಕಳೆಯಲಿ, ಹುಡುಗಿಯ ಸೋದರಮಾವ ಓಬಳಪ್ಪ ಬಂದು ಮನೆ ನೋಡಿ ಒಪ್ಪಿದರೆ ಮದುವೆ ಎಂದು ಮಾತಾಯಿತು.

ಧರ್ಮಪುರ ಎಂದರೆ ಬಟ್ಟೆ ಹಿಂಡದೆ ಹಾಕಿದರೂ ಒಣಗುವ ಊರು. ಆದರೆ ಆ ವರ್ಷ ಸಮುದ್ರದ ಕಡೆ ಏನೋ ಎದ್ದು, ನಮ್ಮ ಕಡೆಗೆ ಬಿಡದೆ ಜಿಟಿಜಿಟಿ ಮಳೆ ಹಿಡಿಯಿತು. ಮನೆ ನೋಡುವ ದಿನ ಹತ್ತಿರ ಬಂದಿತ್ತು. ತಿಪ್ಪೇಶ ಫೋನು ಮಾಡಿದ.

"ಮಂಜಣ್ಣ, ಗೋಡೆ ಅಳ್ತೈತೆ."

"ಸೋರ್ತೈತೆ ಅನ್ನು."

"ಸೋರ್ತಾ ಇಲ್ಲ. ಅಳ್ತೈತೆ. ನಮ್ಮವ್ವ ಮದ್ವೆ ಬ್ಯಾಡ ಅಂತ ಕುಂತವ್ಳೆ. ಬ್ಯಾಗ ಬರ್ರಿ."

ಹೋಗಿ ನೋಡಿದೆ. ಗೋಡೆಯ ಮೈತುಂಬ ಹನಿ. ಕೆಲವು ನಿಂತಿದ್ದವು, ಕೆಲವು ಇಳಿಯುತ್ತಿದ್ದವು. ಸ್ಕ್ರೂ ಇದ್ದ ಕಡೆಯಲ್ಲೆಲ್ಲ ತುಕ್ಕಿನ ಕೆಂಪು ಗೆರೆ ಇಳಿದು, ಅತ್ತು ಅತ್ತು ಕಣ್ಣು ಕೆಂಪಾದ ಹಾಗೇ ಕಾಣುತ್ತಿತ್ತು. ಗಂಗಮ್ಮ ಗೋಡೆಯ ಎದುರು ಕಂಬಳಿ ಹಾಸಿಕೊಂಡು ಕೂತಿದ್ದರು.

"ನಮ್ ಯಜಮಾನ್ರು ಕಣಪ್ಪ. ಈ ಸಂಬಂಧ ಅವ್ರಿಗೆ ಒಪ್ಗೆ ಇಲ್ಲ. ಬದುಕಿದ್ದಾಗ ಒಂದಿನ ಅತ್ತೋರಲ್ಲ. ಈಗ ಹೆಂಗೆ ಅಳ್ತವ್ರೆ ನೋಡು."

ಎಷ್ಟೋ ವರ್ಷದ ಅನುಭವಿ ಎಂದು ಬೀಗುತ್ತಿದ್ದ ನಾನು ಏನು ಮಾಡಿದೆ ಕೇಳಿ. ಮೊದಲು ಶೀಟು ಸೋರುತ್ತಿದೆ ಎಂದು ತೀರ್ಮಾನಿಸಿ, ಮಳೆಯಲ್ಲೇ ಮೇಲೆ ಹತ್ತಿ, ಜಾರಿ, ಮನೆ ಪಕ್ಕದ ಹುಣಸೆ ಮರದ ಕೊಂಬೆ ಹಿಡಿದು ನೇತಾಡಿದೆ. ಶೀಟಿನಲ್ಲಿ ಸೂಜಿಮೊನೆಯಷ್ಟೂ ತೂತಿರಲಿಲ್ಲ. ಆಮೇಲೆ ಗಂಗಮ್ಮ ನೆಲ ಒರೆಸುವಾಗ ನೀರು ಎರಚಿರಬೇಕು ಎಂದೆ. ಅವರು ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲೇ ನುಂಗಿದೆ. ಬಟ್ಟೆಯಲ್ಲಿ ಒರೆಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಹನಿ. ಯಜಮಾನರೇ ಇರಬಹುದೇನೋ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

ಕೈಚೆಲ್ಲಿ ಕೆಳಗಿಳಿದು ಹಟ್ಟಿಯ ಕಡೆ ಹೋದೆ. ಅಲ್ಲಿ ಕಂಡದ್ದನ್ನು ಈಗ ನೆನೆದರೂ ನಗು ಬರುತ್ತದೆ. ನಾನು ಬಿಟ್ಟು ಬಂದಿದ್ದ ಬೋರ್ಡಿನ ಚೂರುಗಳಿಗೆಲ್ಲ ತೂತು ಕೊರೆದು, ಹಗ್ಗ ಪೋಣಿಸಿ, ಕಂಬ ಕಂಬಕ್ಕೂ ನೇತುಹಾಕಿದ್ದ ತಿಪ್ಪೇಶ. ಕುರಿಗಳು ಪಾಳಿ ಹಚ್ಚಿ ನೆಕ್ಕುತ್ತಿದ್ದವು. ಒಂದು ಟಗರು ಒಂದು ಚೂರನ್ನು ಬೇರೆ ಯಾರಿಗೂ ಬಿಡದೆ ಕಾವಲು ನಿಂತಿತ್ತು.

"ಏನೋ ಇದು ತಿಪ್ಪೇಶ?"

"ಕುರಿಗೆ ಉಪ್ಪಿನ ಗಂಟು ಕಟ್ತೀವಲ್ಲ ಮಂಜಣ್ಣ, ಅದ್ರ ಬದ್ಲು ಇದ್ನೇ ಕಟ್ಟಿದೀನಿ. ಮಳೆ ಹಿಡ್ದಾಗ್ನಿಂದ ಬಿಡಂಗೇ ಇಲ್ಲ ಅವು. ಕಂಪ್ನಿಯೋರು ಭಾಳ ಯೋಚ್ನೆ ಮಾಡಿ ಮಾಡವ್ರೆ ಬಿಡ್ರಿ. ಗೋಡೆಗೂ ಆಗ್ತೈತೆ, ಕುರಿಗೂ ಆಗ್ತೈತೆ!"

"ಹೊಟ್ಟೆ ಸರಿ ಐತೇನೋ ಇವಕ್ಕೆ?"

ಅವನು ತಲೆ ಕೆರೆದುಕೊಂಡ. "ಅದೊಂದೇ ನೋಡ್ರಿ ಗೊತ್ತಾಗ್ತಿಲ್ಲ. ಎಲ್ಲಾ ನೀರ್ ನೀರು."

ಒಂದು ಚೂರು ಬಿಚ್ಚಿ, ಟಗರಿನ ಕಣ್ಣು ತಪ್ಪಿಸಿ, ನಾನೂ ನಾಲಿಗೆ ತಾಗಿಸಿದೆ. ಮೊದಲು ಉಪ್ಪು, ಹಿಂದೆಯೇ ಕಹಿ. ಆಗ ತಲೆಗೆ ಹೊಳೆಯಿತು. ಬೋರ್ಡು ಗಟ್ಟಿಯಾಗಲು ಕಾರ್ಖಾನೆಯಲ್ಲಿ ಹಾಕುವ ಉಪ್ಪು, ಅಂದರೆ ಮೆಗ್ನೀಷಿಯಂ ಕ್ಲೋರೈಡ್, ಈ ಮಾಲಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿ ಬಿದ್ದಿತ್ತು. ಹೆಚ್ಚಾದ ಉಪ್ಪು ಬೋರ್ಡಿನೊಳಗೆ ಹಾಗೇ ಉಳಿದಿತ್ತು. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿ ನೀರೊಡೆಯುವುದಿಲ್ಲವೇ, ಹಾಗೆ ಅದು ಗಾಳಿಯ ತೇವ ಎಳೆದುಕೊಂಡು ಬೆವರುತ್ತಿತ್ತು. ಬೇಸಿಗೆಯ ಒಣಹವೆಯಲ್ಲಿ ಅದರ ಗುಟ್ಟು ಹೊರಬಿದ್ದಿರಲಿಲ್ಲ ಅಷ್ಟೆ. ಸಾಹುಕಾರರಿಗೆ ಫೋನು ಮಾಡಿದರೆ, "ಬಿಸ್ಲು ಬಂದ್ರೆ ಒಣಗ್ತೈತೆ, ಸುಮ್ನಿರಲೇ" ಎಂದು ಇಟ್ಟುಬಿಟ್ಟರು.

ಗೆದ್ದವನ ಹಾಗೆ ಮೇಲೆ ಓಡಿ ಗಂಗಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಉಪ್ಪು, ಗಾಳಿ, ತೇವ, ಭರಣಿ, ಕುರಿಯ ಹೊಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಂಗಾರೆ ಇದು ನಮ್ ಯಜಮಾನ್ರಲ್ವೇನಪ್ಪ?"

"ಅಲ್ಲಮ್ಮ. ಮೆಗ್ನೀಷಿಯಂ ಕ್ಲೋರೈಡು."

ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಬಾಡಿಹೋಯಿತು. "ಸರಿ, ಬರೋರು ಬರ್ಲಿ ಬಿಡು" ಎಂದು ಕಂಬಳಿ ಮಡಿಸಿಕೊಂಡು ಕೆಳಗಿಳಿದರು. ಮದುವೆಯ ಅಡ್ಡಿ ಕಳೆಯಿತೆಂದು ತಿಪ್ಪೇಶ ಕುಣಿದಾಡಿದ. ನನಗೆ ಯಾಕೋ ನಾನು ಹೇಳಬಾರದಿತ್ತು ಅನ್ನಿಸಿತು.

ಮನೆ ನೋಡುವ ದಿನವೂ ಮಳೆ ನಿಂತಿರಲಿಲ್ಲ. ಬೆಳಿಗ್ಗೆಯಿಂದ ನಾನು, ತಿಪ್ಪೇಶ ಇಬ್ಬರೂ ಬಟ್ಟೆ ಹಿಡಿದು ಗೋಡೆ ಒರೆಸಿದ್ದೇ ಒರೆಸಿದ್ದು. ಬಾಡಿಗೆಯ ಫ್ಯಾನು ತಂದು ತಿರುಗಿಸಿದೆವು. ಓಬಳಪ್ಪ ಬಂದರು. ಆಂಧ್ರದ ಗಡಿಯ ಕಡೆಯವರು, ದಪ್ಪ ಮೀಸೆ, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ಹಿಂದೆ ರತ್ನ. ನೇರವಾಗಿ ಮೇಲೆ ಹತ್ತಿ ಬಂದು, ಬೆರಳೂ ಅಲ್ಲ, ಕೋಲಿನಿಂದಲೇ ಗೋಡೆಗೆ ಬಡಿದರು. ಡಬಡಬ.

"ಏಮಯ್ಯಾ ಮೇಸ್ತ್ರಿ, ಗೋಡೆನೋ ಎಣ್ಣೆ ಡಬ್ಬಾನೋ?"

ನಾನು ಬೆಂಕಿ, ಗೆದ್ದಲು ಎಂದು ಸಾಹುಕಾರರ ಮಾತು ಶುರುಮಾಡಿದೆ. ಮೂರನೆಯದನ್ನು ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವರು ಅಂಗೈ ಇಟ್ಟು ನೋಡಿ, ಒದ್ದೆಯಾದ ಕೈಯನ್ನು ನಮ್ಮ ಕಡೆ ತಿರುಗಿಸಿ ಹಿಡಿದರು. ಆ ಗಳಿಗೆಯಲ್ಲೇ ಮೆಟ್ಟಿಲ ಮೇಲೆ ಟಪಟಪ ಸದ್ದಾಯಿತು. ಒಂದು ಕುರಿಮರಿ ನಮ್ಮ ಕಾಲುಗಳ ನಡುವೆ ನುಸುಳಿ, ಓಬಳಪ್ಪನವರನ್ನು ದಾಟಿ, ಗೋಡೆಗೆ ಬಾಯಿ ಹಚ್ಚಿ ಚಪ್ಪರಿಸಿ ನೆಕ್ಕತೊಡಗಿತು. ಕುರಿಮರಿ ಬರದಂಥ ರೂಮು! ಮದುವೆ ಮುರಿಯಿತು, ಮುರಿದದ್ದು ನನ್ನ ಗೋಡೆಯಿಂದ ಎಂದುಕೊಂಡೆ. ಇದ್ದದ್ದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ನೀನ್ ಸುಮ್ಕಿರಪ್ಪ" ಎಂದರು ಗಂಗಮ್ಮ. ಓಬಳಪ್ಪನವರ ಕಡೆ ತಿರುಗಿದರು. "ಅದು ನಮ್ ಯಜಮಾನ್ರು ಕಣಣ್ಣ. ಸೊಸೆ ಬರ್ತಾಳೆ ಅಂತ ಗೊತ್ತಾದಾಗ್ನಿಂದ ಹಿಂಗೇ. ಖುಷಿಗೆ ಅಳ್ತವ್ರೆ. ಬದುಕಿದ್ದಾಗ ಒಂದಿನ ಅತ್ತೋರಲ್ಲ."

ಓಬಳಪ್ಪ ಕೋಲು ಕೆಳಗಿಟ್ಟರು. ಟವೆಲು ಹೆಗಲಿಂದ ತೆಗೆದು ಗೋಡೆಗೆ ಕೈಮುಗಿದರು. "ಇಂಥ ಮನೆ ಎಲ್ಲಿ ಸಿಕ್ತೈತಮ್ಮ" ಎಂದು ಅವರ ದನಿಯೇ ಒದ್ದೆಯಾಯಿತು. ರತ್ನ ಮಾತ್ರ ಮರಿಯನ್ನು ಎತ್ತಿಕೊಳ್ಳುವ ನೆಪದಲ್ಲಿ ಗೋಡೆಗೆ ಬೆರಳು ತಾಗಿಸಿ, ತುಟಿಗೆ ಮುಟ್ಟಿಸಿಕೊಂಡಳು. ಔಷಧಿ ಅಂಗಡಿಯ ಹುಡುಗಿ. ನನ್ನ ಮುಖ ನೋಡಿದಳು, ಗಂಗಮ್ಮನ ಮುಖ ನೋಡಿದಳು. ಮರಿಯನ್ನು ಸೊಂಟಕ್ಕೆ ಇಟ್ಟುಕೊಂಡು, "ಇದು ಎಷ್ಟು ತಿಂಗ್ಳ ಮರಿ?" ಎಂದು ತಿಪ್ಪೇಶನನ್ನು ಕೇಳಿದಳು. ಅವನಿಗೆ ಅದೂ ನೆನಪಾಗಲಿಲ್ಲ.

ಸಂಬಂಧ ಕುದುರಿತು. ಆದರೆ ನನ್ನ ಕೆಲಸ ಮುಗಿದಿರಲಿಲ್ಲ. ಉಪ್ಪುನೀರು ಸ್ಕ್ರೂ ತಿಂದಿತ್ತು, ಬಿಟ್ಟರೆ ಫ್ರೇಮನ್ನೂ ತಿನ್ನುತ್ತಿತ್ತು. ಮದುವೆಯಾದವರ ತಲೆ ಮೇಲೆ ಆ ಕೋಣೆ ಕುಸಿಯುವುದು ನನಗೆ ಬೇಕಿರಲಿಲ್ಲ. ಸಾಹುಕಾರರಿಗೆ ಹೇಳಿದರೆ ಅವರು ಆಗಲೇ ಸುದ್ದಿ ಕೇಳಿ ಹಿಗ್ಗಿದ್ದರು. "ಜನ ಕೈಮುಗಿಯೋ ಗೋಡೆ ಕಣೋ ಅದು! ಯಾವ ಕಂಪ್ನಿಗೈತೆ ಇಂಥ ಹೆಸ್ರು? ಮುಟ್ಬ್ಯಾಡ." ನಾನು ವಾದ ಮಾಡಲಿಲ್ಲ. ಜೇಬಿನಿಂದ ಒಂದು ಚೂರು ತೆಗೆದು, "ನೆಕ್ರಿ" ಎಂದೆ. ನೆಕ್ಕಿದರು. ಅಂಗಡಿಯ ಹೊರಗೆ ಹೋಗಿ ಉಗಿದು ಬಂದು, ಚೆನ್ನಾಗಿ ಪರೀಕ್ಷೆ ಮಾಡಿದ ಬೇರೆ ಮಾಲು ತರಿಸಿಕೊಟ್ಟರು. ಕ್ಲೋರೈಡಿನ ಬದಲು ಸಲ್ಫೇಟು ಎಂಬ ಬೇರೆ ಉಪ್ಪು ಹಾಕಿ ಮಾಡಿದ, ಬೆವರದ ಬೋರ್ಡು ಬಂದದ್ದು ಆಗ. ತುಕ್ಕು ಹಿಡಿಯದ ಸ್ಕ್ರೂಗಳನ್ನೂ ತರಿಸಿದೆವು. ಈಗ ಹುಡುಗರಿಗೆ ನಾನು ಕೊಡುವ ಟಿಪ್ಸು ಇದೊಂದೇ. ಹೊಸ ಮಾಲು ಬಂದಾಗ ಒಂದು ಚೂರನ್ನು ಬಟ್ಟಲು ನೀರಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು, ಹನಿ ಕಟ್ಟುತ್ತದೆಯೋ ನೋಡಿ. ಅಷ್ಟು ಪುರುಸೊತ್ತಿಲ್ಲದವರು ನೆಕ್ಕಿ.

ಹೊಸ ಬೋರ್ಡು ತೆಗೆದುಕೊಂಡು ಧರ್ಮಪುರಕ್ಕೆ ಹೋದರೆ, ಬಿಚ್ಚಲು ಯಾರಿಗೂ ಧೈರ್ಯವಿಲ್ಲ. ಓಬಳಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಷ್ಟು ದಿನದಲ್ಲಿ ಯಾರೋ ಗೋಡೆಯ ಬುಡದಲ್ಲಿ ಹೂವನ್ನೂ ಇಟ್ಟಿದ್ದರು. ತಿಪ್ಪೇಶ ನನ್ನನ್ನು ಪಕ್ಕಕ್ಕೆ ಕರೆದು, "ಅವ್ವ ದಿನಾ ಸಂಜೆ ಮೇಲೆ ಹೋಗಿ ಕುಂತ್ಕಂತಾಳೆ ಮಂಜಣ್ಣ. ಕುರಿ ಮಾರಿದ್ದು, ಕಡ್ಲೆಕಾಯಿ ಕಿತ್ತಿದ್ದು, ಎಲ್ಲಾ ಹೇಳ್ತಾಳೆ. ನಾನ್ ಹೆಂಗೆ ಬಿಚ್ಚು ಅನ್ಲಿ?" ಎಂದ. ಉಪ್ಪು ಎಂದು ನಾನೇ ಬಿಡಿಸಿ ಹೇಳಿದ್ದೆ. ಅವರು ಅದನ್ನು ಮರೆತಿರಲಿಲ್ಲ, ಆದರೂ ಹೋಗಿ ಕೂರುತ್ತಿದ್ದರು. ಮರೆತಿರಲಿಲ್ಲ ಎನ್ನುವುದಕ್ಕೇ ನನಗೆ ಸಂಕಟವಾಯಿತು.

ಗಂಗಮ್ಮನ ಮುಂದೆ ಹೋಗಿ ನಿಂತೆ. ಈ ಸಲ ಕ್ಲೋರೈಡಿನ ಮಾತು ಎತ್ತಲಿಲ್ಲ. "ಅಮ್ಮ, ಫ್ರೇಮು ತುಕ್ಕು ಹಿಡೀತೈತೆ. ನೀವು ಹೆಂಗೆ ಹೇಳ್ತೀರೋ ಹಂಗೆ" ಎಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು, ಮೆಟ್ಟಿಲು ಹತ್ತಿ, ಕೋಣೆಯ ಬಾಗಿಲು ಹಾಕಿಕೊಂಡರು. ನಾವು ಕೆಳಗೆ ನಿಂತೆವು. ಒಳಗಿನ ಮಾತು ನಮಗೆ ಕೇಳಿಸಲಿಲ್ಲ. ಒಮ್ಮೆ ಮಾತ್ರ ಅವರು ನಕ್ಕದ್ದು ಕೇಳಿಸಿತು.

ಬಾಗಿಲು ತೆರೆದು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ದನಿ ಎಂದಿನಂತೆಯೇ ಇತ್ತು.

"ಮಗ ಸೊಸೆ ಮಲಗೋ ರೂಮು, ನೀವಿಲ್ಲಿ ಕುಂತಿದ್ರೆ ಚಂದಲ್ಲ, ಕೆಳಗೆ ನನ್ ಜೊತೆ ಬಂದ್ಬಿಡ್ರಿ ಅಂತ ಹೇಳಿದೀನಿ. ಬಂದವ್ರೆ. ಇನ್ನ ಬಿಚ್ಚಪ್ಪ."